ವಿಶೇಷ ಶಿಕ್ಷಣದಲ್ಲಿ ವರ್ತನಾ ನಿರ್ವಹಣೆ

ವಿಶೇಷ ಶಿಕ್ಷಣದಲ್ಲಿ ವರ್ತನಾ ನಿರ್ವಹಣೆ ಎಂದರೆ ಸ್ವಲೀನತೆ (ಆಟಿಸಂ), ಬೌದ್ಧಿಕ ಅಸಾಮರ್ಥ್ಯ ಮೊದಲಾದ ಸ್ಥಿತಿಗಳುಳ್ಳ ಮಕ್ಕಳು ತರಗತಿಯಲ್ಲಿ ತೋರುವ ವರ್ತನೆಯ ಕಾರಣವನ್ನು ಗುರುತಿಸಿ, ಅದಕ್ಕೆ ತಕ್ಕಂತೆ ಪರಿಸರವನ್ನೂ ಬೋಧನೆಯನ್ನೂ ಹೊಂದಿಸುವ ಕ್ರಮವಾಗಿದೆ. ಕಿರುಚುವುದು, ಎದ್ದು ಓಡುವುದು, ತಲೆ ಬಡಿದುಕೊಳ್ಳುವುದು ಮುಂತಾದವನ್ನು ಕೇವಲ ಅಶಿಸ್ತು ಎಂದು ಭಾವಿಸದೆ, ಅನೇಕ ವೇಳೆ ಅವು ಸಂವಹನದ ರೂಪಗಳೆಂದು ಇಲ್ಲಿ ಪರಿಗಣಿಸಲಾಗುತ್ತದೆ.

ವರ್ತನೆಯ ಉದ್ದೇಶ

ವರ್ತನೆಯ ಉದ್ದೇಶಗಳನ್ನು ಸಾಮಾನ್ಯವಾಗಿ ನಾಲ್ಕಾಗಿ ವಿಂಗಡಿಸಲಾಗುತ್ತದೆ: ಇತರರ ಗಮನ ಸೆಳೆಯುವುದು, ಬೇಕಾದ ವಸ್ತುವನ್ನು ಪಡೆಯುವುದು, ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳುವುದು ಮತ್ತು ಇಂದ್ರಿಯಾನುಭವ. ಉದ್ದೇಶವನ್ನು ತಿಳಿಯಲು ಶಿಕ್ಷಕರು ವರ್ತನೆಗೆ ಮೊದಲು ನಡೆದದ್ದು, ವರ್ತನೆ ಮತ್ತು ಅದರ ಪರಿಣಾಮ ಇವುಗಳನ್ನು ದಾಖಲಿಸುತ್ತಾರೆ. ಉದಾಹರಣೆಗೆ, ಗಣಿತದ ಪಾಠ ತಪ್ಪಿಸಿಕೊಳ್ಳಲು ಪುಸ್ತಕ ಎಸೆಯುವ ಮಗುವನ್ನು ಹೊರಗೆ ಕಳುಹಿಸಿದರೆ ಅದು ಬಯಸಿದ್ದೇ ದೊರೆತಂತಾಗಿ ಆ ವರ್ತನೆ ಬಲಗೊಳ್ಳುತ್ತದೆ. ಮಾತನಾಡಲಾಗದ ಮಗುವಿನಲ್ಲಿ ಹಠಾತ್ ಬದಲಾವಣೆ ಕಂಡರೆ ಹಲ್ಲುನೋವು, ಕಿವಿನೋವಿನಂತಹ ದೈಹಿಕ ಕಾರಣಗಳನ್ನು ಮೊದಲು ಪರೀಕ್ಷಿಸಬೇಕಾಗುತ್ತದೆ.

ಇತಿಹಾಸ

1982ರಲ್ಲಿ ಬ್ರಯಾನ್ ಇವಾಟಾ ಮತ್ತು ಸಹೋದ್ಯೋಗಿಗಳು ಸ್ವಯಂಹಾನಿಯ ವರ್ತನೆಯ ಉದ್ದೇಶವನ್ನು ಪರೀಕ್ಷಿಸುವ ವಿಧಾನವನ್ನು ಪ್ರಕಟಿಸಿದರು. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್, ಅದೇ ಉದ್ದೇಶವನ್ನು ಈಡೇರಿಸುವ ಸಂವಹನವನ್ನು ಮಗುವಿಗೆ ಕಲಿಸಿದರೆ ಸಮಸ್ಯಾತ್ಮಕ ವರ್ತನೆ ಕಡಿಮೆಯಾಗುತ್ತದೆ ಎಂದು ತೋರಿಸಿದರು.

ಬೋಧನಾ ತಂತ್ರಗಳು

* ಚಿತ್ರ ವೇಳಾಪಟ್ಟಿ: ದಿನದ ಚಟುವಟಿಕೆಗಳನ್ನು ಚಿತ್ರಗಳಲ್ಲಿ ಕ್ರಮವಾಗಿ ತೋರಿಸುವುದು. ಮುಂದೇನು ಎಂಬ ಆತಂಕವನ್ನು ಇದು ತಗ್ಗಿಸುತ್ತದೆ.
* ಕಾರ್ಯ ವಿಶ್ಲೇಷಣೆ: ಕೈ ತೊಳೆಯುವಂತಹ ಕೆಲಸವನ್ನು ಸಣ್ಣ ಹಂತಗಳಾಗಿ ವಿಂಗಡಿಸಿ ಕಲಿಸುವುದು.
* ಧನಾತ್ಮಕ ಪುನರ್ಬಲನ: ಅಪೇಕ್ಷಿತ ವರ್ತನೆಯನ್ನು ತಕ್ಷಣವೇ ಮೆಚ್ಚುಗೆ ಅಥವಾ ಇಷ್ಟದ ಚಟುವಟಿಕೆಯಿಂದ ಪ್ರೋತ್ಸಾಹಿಸುವುದು.
* ಬದಲಿ ಸಂವಹನ: 'ಸಹಾಯ ಬೇಕು', 'ವಿರಾಮ ಬೇಕು' ಎಂದು ತಿಳಿಸಲು ಚಿತ್ರಪಟ ಅಥವಾ ಸನ್ನೆಯನ್ನು ಕಲಿಸುವುದು.

ಭಾರತದಲ್ಲಿ ಕಾನೂನು

ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಪ್ರಕರಣವು ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಒಟ್ಟು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದು, ಅದರ 16ನೇ ಪ್ರಕರಣವು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಸಮನ್ವಯ ಶಿಕ್ಷಣ ನೀಡುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರ ಹಾಗೂ ಸ್ಥಳೀಯ ಪ್ರಾಧಿಕಾರಗಳಿಗೆ ವಹಿಸುತ್ತದೆ.

ಟೀಕೆ

ಮಗುವನ್ನು ಇತರರಂತೆ ಕಾಣುವಂತೆ ಮಾಡುವುದೇ ಕೆಲವು ವರ್ತನಾ ಕಾರ್ಯಕ್ರಮಗಳ ಗುರಿಯಾಗಿದೆ ಎಂದು ಸ್ವಲೀನತೆಯುಳ್ಳ ಅನೇಕ ವಯಸ್ಕರು ಆಕ್ಷೇಪಿಸಿದ್ದಾರೆ. ಕೈ ಆಡಿಸುವುದು, ತೂಗಾಡುವುದು ಮುಂತಾದ ನಿರಪಾಯಕಾರಿ ಚಲನೆಗಳು ಮನಸ್ಸನ್ನು ಶಾಂತಗೊಳಿಸುವ ಸಾಧನಗಳಾಗಿರುವುದರಿಂದ ಅವನ್ನು ಬಲವಂತವಾಗಿ ತಡೆಯಬಾರದೆಂಬುದು ಅವರ ವಾದ.