ಕೊರಳು ಹಿಸುಕುವವರು, ಕಣ್ಣು ಕಟ್ಟಿದ ಪೊಲೀಸರು: 'ಪಂಚ್' ಕಂಡ ಲಂಡನ್ ಬೀದಿ

1862ರ ಜುಲೈ 17ರ ರಾತ್ರಿ ಸಂಸತ್ ಸದಸ್ಯ ಪಿಲ್ಕಿಂಗ್ಟನ್ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ನಡೆದುಹೋಗುತ್ತಿದ್ದಾಗ ಕಳ್ಳರು ಮೇಲೆರಗಿ ಗಡಿಯಾರ ಕಿತ್ತುಕೊಂಡು ಓಡಿದರು. ಹಿಂದಿನಿಂದ ಕೊರಳು ಅದುಮಿ ದೋಚುವ ಈ ಬಗೆಯ ಸುಲಿಗೆಗೆ ಆಗ 'ಗರೋಟಿಂಗ್' ಎನ್ನುತ್ತಿದ್ದರು. ಬಡವರ ಕೇರಿಯಲ್ಲಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇದು ನಡೆದದ್ದು ಶ್ರೀಮಂತರ ಕ್ಲಬ್ಬುಗಳ ಬೀದಿಯಲ್ಲಿ! ಪತ್ರಿಕೆಗಳು ಗರೋಟರನ್ನು ದಾರಿಹೋಕರ ಕೊರಳು ಬಿಗಿದು ದೋಚುತ್ತಿದ್ದ ಭಾರತದ ಥಗ್ಗರಿಗೆ ಹೋಲಿಸಿದವು. ಥಗ್ಗರನ್ನು ಇಂಗ್ಲಿಷ್ ಓದುಗರ ಮನೆಮಾತಾಗಿಸಿದ 1839ರ ಕಾದಂಬರಿಯ ಕರ್ತೃ ನಮ್ಮ ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್.

'ಪಂಚ್' ಹಾಸ್ಯ ವಾರಪತ್ರಿಕೆ ಈ ಭಯವನ್ನು ಮೊದಲೇ ಗೇಲಿ ಮಾಡಿತ್ತು. 1856ರ ಒಂದು ಚಿತ್ರದಲ್ಲಿ ಪುಕ್ಕಲು ಗೃಹಸ್ಥನೊಬ್ಬ ಹೆಂಡತಿಯ ಲಂಗದೊಳಗಿನ ಬಳೆಗಳ ಉಪಾಯವನ್ನು ತನ್ನ ಕೋಟಿಗೆ ಅಳವಡಿಸಿಕೊಂಡಿದ್ದಾನೆ. ಕಳ್ಳ ಎಷ್ಟು ಕೈಚಾಚಿದರೂ ಕೊರಳು ಎಟುಕದು. ನಗೆ ಇಲ್ಲಿ ಸುಲಿಗೆಯ ಮೇಲಲ್ಲ, ಸುಲಿಗೆಗೆ ಹೆದರಿ ಮೈಯೆಲ್ಲ ಬೇಲಿ ಹಾಕಿಕೊಂಡ ಮಧ್ಯಮವರ್ಗದ ಮೇಲೆ. ಮುಂದೆ ಮುಳ್ಳು ಕಾಲರುಗಳೂ ಬಂದವು.

ಈ ಭಯಕ್ಕೆ ಇನ್ನೊಂದು ಹಿನ್ನೆಲೆಯೂ ಇತ್ತು. ಅಪರಾಧಿಗಳನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡುವುದು ಕಡಿಮೆಯಾಗಿ, ಅವಧಿಗೆ ಮುನ್ನ ಪರವಾನಗಿಯ ಮೇಲೆ ಬಿಡುಗಡೆಯಾದ ಕೈದಿಗಳು ಊರಲ್ಲೇ ಉಳಿಯುತ್ತಿದ್ದರು. ಜನರ ಸಿಟ್ಟೆಲ್ಲ ಅವರ ಮೇಲೆ ತಿರುಗಿತು. ಆದರೆ ಸುಲಿಗೆ ನಿಜಕ್ಕೂ ಅಷ್ಟು ಹೆಚ್ಚಿತ್ತೇ? ಪತ್ರಿಕೆಗಳ ಗದ್ದಲದಿಂದ ಪೊಲೀಸರು ಚುರುಕಾಗಿ ಬಂಧನ ಹೆಚ್ಚಿಸಿದ್ದರಿಂದಲೇ ದಾಖಲೆಯ ಅಂಕಿ ಏರಿತೆಂದು ಇತಿಹಾಸಕಾರ್ತಿ ಜೆನಿಫರ್ ಡೇವಿಸ್ 1980ರಲ್ಲಿ ವಾದಿಸಿದರು. ಆ ವಾದ ನನಗೂ ಒಪ್ಪಿಗೆ. ಗೃಹಮಂತ್ರಿ ಜಾರ್ಜ್ ಗ್ರೇ ವಿರೋಧಿಸಿದರೂ 1863ರಲ್ಲಿ ಸಂಸತ್ತು ಇಂಥ ಸುಲಿಗೆಕೋರರಿಗೆ 50ರವರೆಗೆ ಛಡಿಯೇಟು ವಿಧಿಸುವ ಕಾನೂನು ತಂದಿತು. ಅಷ್ಟರಲ್ಲಿ ಗಾಬರಿ ತಾನಾಗಿಯೇ ಇಳಿದಿತ್ತು.

ಕಾಲು ಶತಮಾನದ ಮೇಲೆ ಅದೇ ಪತ್ರಿಕೆಯ ಕುಂಚ ಬೇರೆ ಕಡೆ ತಿರುಗಿತು. 1888ರಲ್ಲಿ ಲಂಡನ್ನಿನ ಬಡವರ ಬಡಾವಣೆ ವೈಟ್‌ಚಾಪೆಲ್‌ನಲ್ಲಿ ನಡೆದ ಹೆಂಗಸರ ಸರಣಿ ಕೊಲೆಗಳ ನಡುವೆ, ಸೆಪ್ಟೆಂಬರ್ 22ರಂದು, 'ಪಂಚ್'ನ ವ್ಯಂಗ್ಯಚಿತ್ರಕಾರ ಜಾನ್ ಟೆನಿಯಲ್ ಕಣ್ಣಾಮುಚ್ಚಾಲೆ ಆಡುವ ಪೊಲೀಸನನ್ನು ಬರೆದರು: ಕಣ್ಣಿಗೆ ಬಟ್ಟೆ, ಸುತ್ತ ಹಲ್ಲು ಕಿಸಿಯುವ ಪುಂಡರು. ಮುಂದಿನ ವಾರದ ಚಿತ್ರದಲ್ಲಿ ನಗೆಯ ಸುಳಿವೇ ಇಲ್ಲ. ಕೊಳಕು ಓಣಿಯಲ್ಲಿ ಕತ್ತಿ ಹಿಡಿದ ಪಿಶಾಚಿ ತೇಲಿಬರುತ್ತದೆ. ಹಣೆಯ ಮೇಲೆ 'ಅಪರಾಧ' ಎಂಬ ಬರಹ. ಕಡೆಗಣನೆಯ ಪ್ರತೀಕಾರ ಎಂಬರ್ಥದ ಶೀರ್ಷಿಕೆಯೇ ಹೊಣೆ ಯಾರದೆಂದು ಹೇಳುತ್ತದೆ. 1862ರ ಗಾಬರಿ ಕೈದಿಯ ಬೆನ್ನಿಗೆ ಛಡಿ ಕೇಳಿತ್ತು. ಟೆನಿಯಲ್ ಬೆರಳು ತೋರಿದ್ದು ಆ ಓಣಿಯನ್ನು ಹಾಗೆಯೇ ಬಿಟ್ಟವರ ಕಡೆಗೆ.

ಆ ಚಿತ್ರ ಪ್ರಕಟವಾದ ಮರುದಿನ ನಸುಕಿನಲ್ಲೇ ಇನ್ನಿಬ್ಬರು ಹೆಂಗಸರ ಕೊಲೆಯಾಯಿತು. ಪೊಲೀಸ್ ಕಮಿಷನರ್ ಚಾರ್ಲ್ಸ್ ವಾರನ್ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ತಕ್ಷಣದ ಕಾರಣ ಕೊಲೆಗಳೂ ಅಲ್ಲ, ವ್ಯಂಗ್ಯಚಿತ್ರವೂ ಅಲ್ಲ. ಪೊಲೀಸರನ್ನು ಸಮರ್ಥಿಸಿ ಮಾಸಿಕವೊಂದಕ್ಕೆ ಅನುಮತಿಯಿಲ್ಲದೆ ಲೇಖನ ಬರೆದದ್ದಕ್ಕೆ ಗೃಹ ಇಲಾಖೆ ಅವರನ್ನು ತರಾಟೆಗೆ ತೆಗೆದುಕೊಂಡಿತ್ತು.