ಹೊಳೆಯಾಚೆಯ ಹಕ್ಕಿ: ತುಂಗಭದ್ರಾ ಸೀಮೆಯಲ್ಲಿ ದೂರಮಸೂರದ ಪರೀಕ್ಷೆ

ಹೊಳೆಹೊನ್ನೂರು ಭದ್ರೆಯ ದಡದ ಊರು; ಇಲ್ಲಿಂದ ತುಸು ಕೆಳಗೆ ಕೂಡಲಿಯಲ್ಲಿ ಈ ನದಿ ತುಂಗೆಯನ್ನು ಸೇರುತ್ತದೆ. ಈ ಎರಡೂ ನದಿಗಳ ಮೇಲ್ಹರಿವಿನಲ್ಲಿ ಒಂದೊಂದು ಪಕ್ಷಿನೆಲೆಯಿದೆ: ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಮಗ್ಗುಲಲ್ಲಿ ತುಂಗೆಯ ನಡುಗಡ್ಡೆಯಾದ ಮಂಡಗದ್ದೆ, ಮತ್ತು ಲಕ್ಕವಳ್ಳಿಯ ಭದ್ರಾ ಜಲಾಶಯದ ಹಿನ್ನೀರಿನ ದ್ವೀಪಗಳು. ಮಂಡಗದ್ದೆಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಲು ಬರುವುದು ಮಳೆಗಾಲದಲ್ಲಿ, ಅಂದರೆ ಹೊಳೆ ತುಂಬಿ ಹತ್ತಿರ ಹೋಗಲಾಗದ, ಮೋಡ ಕವಿದು ಬೆಳಕು ಕಡಿಮೆಯಾದ ದಿನಗಳಲ್ಲಿ. ಹಿನ್ನೀರಿನ ದ್ವೀಪಗಳಲ್ಲಿ ನದಿ ರೀವಗಳು ಮೊಟ್ಟೆಯಿಡುವುದು ನೀರು ಇಳಿದ ಬೇಸಿಗೆಯಲ್ಲಿ. ಅಲ್ಲಿ ಬೆಳಕು ಧಾರಾಳ, ಆದರೆ ಛಾಯಾಗ್ರಾಹಕ ಕುಳಿತ ದೋಣಿ ಅಲುಗಾಡುತ್ತದೆ, ಹಕ್ಕಿ ಕ್ಷಣಕ್ಕೊಮ್ಮೆ ದಿಕ್ಕು ಬದಲಿಸುತ್ತದೆ. ದೂರದ ವಸ್ತುವನ್ನು ಹತ್ತಿರಕ್ಕೆ ತರುವ ಮಸೂರವನ್ನು ಒರೆಗೆ ಹಚ್ಚಲು ಇವೆರಡಕ್ಕಿಂತ ಕಠಿಣವಾದ ಜಾಗಗಳು ಬೇಕಾಗಿಲ್ಲ.

ಟೆಲಿಫೋಟೋ ಎಂಬ ರಚನೆ, ಅಂದರೆ ನಾಭಿದೂರಕ್ಕಿಂತ ಕೊಳವೆಯ ಉದ್ದ ಕಡಿಮೆಯಿರುವ ಮಸೂರ, 1891ರ ಸುಮಾರಿಗೆ ಇಂಗ್ಲೆಂಡಿನ ಥಾಮಸ್ ಡಾಲ್‌ಮೇಯರ್ ಮತ್ತು ಜರ್ಮನಿಯ ಅಡಾಲ್ಫ್ ಮೀಟೆ ಅವರಿಂದ ಬೇರೆಬೇರೆಯಾಗಿ ರೂಪುಗೊಂಡಿತು. ಮಸೂರವು ದೂರದ ವಸ್ತುವನ್ನು ಎಷ್ಟು ದೊಡ್ಡದಾಗಿ ಮೂಡಿಸುತ್ತದೆ ಎಂಬುದನ್ನು ನಿರ್ಧರಿಸುವ ಅಳತೆಯೇ ನಾಭಿದೂರ. 40 ಮೀಟರ್ ಆಚೆಯ ಕೊಂಬೆಯ ಮೇಲಿನ, 60 ಸೆಂಟಿಮೀಟರ್ ಎತ್ತರದ ಬೆಳ್ಳಕ್ಕಿಯು 200 ಮಿ.ಮೀ. ಮಸೂರದಲ್ಲಿ 24 ಮಿ.ಮೀ. ಎತ್ತರದ ಚೌಕಟ್ಟಿನೊಳಗೆ ಬರೀ 3 ಮಿ.ಮೀ. ಆಗಿ ಮೂಡಿದರೆ, 600 ಮಿ.ಮೀ. ಮಸೂರದಲ್ಲಿ 9 ಮಿ.ಮೀ. ಆಗುತ್ತದೆ, ರೆಕ್ಕೆಯ ಗರಿಗಳು ಬಿಡಿಬಿಡಿಯಾಗಿ ಕಾಣತೊಡಗುವುದು ಆಗಲೇ. ನಾಭಿದೂರವನ್ನು ಹಿಗ್ಗಿಸಿ ಕುಗ್ಗಿಸಬಲ್ಲ ಜೂಮ್ ಮಸೂರವು ಸ್ಥಿರಚಿತ್ರದ ಕ್ಯಾಮೆರಾಗಳಿಗೆ 1959ರಲ್ಲಿ ಫಾಯ್ಟ್‌ಲೆಂಡರ್ ಸಂಸ್ಥೆಯ ಜೂಮಾರ್ ಮೂಲಕ ಬಂದಿತಾದರೂ, ಅದರ ಸ್ಪಷ್ಟತೆಯನ್ನು ಹಕ್ಕಿಯ ಚಿತ್ರ ತೆಗೆಯುವವರು ಬಹುಕಾಲ ನಂಬಲಿಲ್ಲ.

ಕರ್ನಾಟಕದಲ್ಲಿ ಒ.ಸಿ. ಎಡ್ವರ್ಡ್ಸ್, ಅವರಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯಲ್ಲಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿ ಮೊದಲಾದ ವನ್ಯಜೀವಿ ಛಾಯಾಗ್ರಾಹಕರು ಕೆಲಸ ಮಾಡಿದ್ದು ಫಿಲ್ಮಿನ ಮಿತಿಯೊಳಗೆ. ಬಣ್ಣಕ್ಕೆ ಹೆಸರಾಗಿದ್ದ ಕೋಡಾಕ್ರೋಮ್ 64 ಫಿಲ್ಮಿನ ಬೆಳಕಿನ ಸಂವೇದನೆ (ಐಎಸ್‌ಒ) 64 ಮಾತ್ರ. ದಟ್ಟ ಮೋಡದ ಬೆಳಕಿನಲ್ಲಿ ಎಫ್/5.6 ರಂಧ್ರದ (ಎಫ್ ಸಂಖ್ಯೆ ಹೆಚ್ಚಿದಷ್ಟೂ ರಂಧ್ರ ಕಿರಿದು) ಮಸೂರಕ್ಕೆ ಅದು ಕೇಳುತ್ತಿದ್ದುದು ಸುಮಾರು 1/30 ಸೆಕೆಂಡು, 400 ಮಿ.ಮೀ. ಮಸೂರವನ್ನು ನಡುಗದಂತೆ ಕೈಯಲ್ಲಿ ಹಿಡಿಯಲು ಬೇಕಿದ್ದುದು 1/400 ಸೆಕೆಂಡು. ಈ ಅಂತರವನ್ನು ತುಂಬಲು ಮುಕ್ಕಾಲಿ, ಫ್ಲಾಶ್ ಮತ್ತು ಗೂಡಿನ ಸಮೀಪ ಸೊಪ್ಪು ಇಲ್ಲವೆ ಬಟ್ಟೆಯಿಂದ ಕಟ್ಟಿದ ಮರೆ ಅನಿವಾರ್ಯವಾಗಿದ್ದವು. ಗೂಡಿನ ಬಳಿಯ ಚಿತ್ರಣದಿಂದ ಹಕ್ಕಿಗೆ ಆಗುವ ತೊಂದರೆಯನ್ನು ಮನಗಂಡು ಆ ಪದ್ಧತಿ ಕ್ರಮೇಣ ಹಿಂದೆ ಸರಿಯಿತು. ದೂರಮಸೂರದ ಬೆಳವಣಿಗೆಯಿಂದ ಆದ ಅತ್ಯಂತ ದೊಡ್ಡ ಉಪಕಾರವೆಂದರೆ ಹಕ್ಕಿಯನ್ನು ಅದರ ಪಾಡಿಗೆ ಬಿಡಲು ಸಾಧ್ಯವಾದದ್ದೇ ಹೊರತು ಚಿತ್ರದ ಅಂದವಲ್ಲ. ಕಡಿಮೆ ಬೆಲೆಯ ದಾರಿಯೂ ಒಂದಿತ್ತು: ಒಳಗೆ ಕನ್ನಡಿಗಳಿದ್ದ 500 ಮಿ.ಮೀ. ಎಫ್/8 ಮಸೂರ. ಆದರೆ ಅದರಲ್ಲಿ ಹಕ್ಕಿಯ ಹಿಂದಿನ ನೀರಿನ ಹೊಳಪೆಲ್ಲ ಉಂಗುರ ಉಂಗುರವಾಗಿ ಮೂಡುತ್ತಿದ್ದುದರಿಂದ, ಹೊಳೆಯ ಚಿತ್ರಕ್ಕೆ ಅದು ಒಗ್ಗುತ್ತಿರಲಿಲ್ಲ.

ಕೈಯ ನಡುಕವನ್ನು ಮಸೂರದೊಳಗೇ ಸರಿದೂಗಿಸುವ ವ್ಯವಸ್ಥೆಯುಳ್ಳ ಕ್ಯಾನನ್ 100–400 ಮಿ.ಮೀ. 1998ರಲ್ಲಿ ಬಂದಿತು, ಮುಕ್ಕಾಲಿ ಊರಲಾಗದ ದೋಣಿಯಲ್ಲಿ ಇಂಥ ಮಸೂರದ ಬೆಲೆ ತಿಳಿಯುತ್ತದೆ. ಇದಕ್ಕಿಂತ ಆಳವಾದ ಬದಲಾವಣೆ 2008ರಲ್ಲಿ ಪ್ಯಾನಾಸೋನಿಕ್ ಜಿ1ರೊಂದಿಗೆ ಆರಂಭವಾದ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ, ಕ್ಯಾಮೆರಾಗಳದು. ಹಳೆಯ ಕ್ಯಾಮೆರಾದಲ್ಲಿ ಕನ್ನಡಿಯ ಕೆಳಗಿದ್ದ ಪ್ರತ್ಯೇಕ ಫೋಕಸ್ ಸಾಧನವು ಎಫ್/5.6, ಮುಂದೆ ಕೆಲವು ಮಾದರಿಗಳಲ್ಲಿ ಎಫ್/8ರಷ್ಟಾದರೂ ದೊಡ್ಡ ರಂಧ್ರವನ್ನು ಬೇಡುತ್ತಿತ್ತು. ಮಿರರ್‌ಲೆಸ್‌ನಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸ್ ಮಾಡುವುದರಿಂದ ಆ ಕಟ್ಟು ಸಡಿಲವಾಯಿತು. 2020ರ ಕ್ಯಾನನ್ 100–500 ಮಿ.ಮೀ. ತನ್ನ ತುದಿಯಲ್ಲಿ ಎಫ್/7.1ಕ್ಕೆ ಇಳಿದು ಸುಮಾರು 1.4 ಕಿಲೋ ತೂಗಿದರೆ, 2019ರ ಸೋನಿ 200–600 ಮಿ.ಮೀ. ಎಫ್/6.3ರಲ್ಲಿ ನಿಂತು 2.1 ಕಿಲೋ ತೂಗುತ್ತದೆ. ಎಫ್/4 ಮಸೂರ ಒಳಬಿಡುವ ಬೆಳಕಿನಲ್ಲಿ ಎಫ್/7.1ಕ್ಕೆ ದಕ್ಕುವುದು ಮೂರನೆಯ ಒಂದು ಪಾಲಿಗಿಂತಲೂ ತುಸು ಕಡಿಮೆ. ಸೆನ್ಸರಿನ ಸಂವೇದನೆಯನ್ನು 3200ಕ್ಕೆ ಏರಿಸಿ ಈ ಕೊರತೆ ನೀಗಬಹುದಾದರೂ, ಚಿತ್ರದಲ್ಲಿ ಕಾಳುಕಾಳಾದ ಒರಟುತನ ಹೆಚ್ಚುತ್ತದೆ. ಬೆಳ್ಳಕ್ಕಿಯ ಬಿಳಿಯೊಳಗಿನ ನವಿರಾದ ಛಾಯೆಗಳು ಮೊದಲು ಅಳಿಯುವುದು ಅಲ್ಲೇ. ಆದ್ದರಿಂದ ಬಯಲುಸೀಮೆಯ ಬಿಸಿಲಿನಲ್ಲಿ ಪಾಸಾದ ಮಸೂರವನ್ನು ಆಷಾಢದ ಮಂಡಗದ್ದೆಯಲ್ಲಿ ಮತ್ತೆ ಪರೀಕ್ಷಿಸಲೇಬೇಕು. ಅದೂ ಜೂಮಿನ ತುದಿಯಲ್ಲಿ, ರಂಧ್ರವನ್ನು ಪೂರ್ತಿ ತೆರೆದು, ಏಕೆಂದರೆ ಅಲ್ಲಿ ಅದು ಬಳಕೆಯಾಗುವುದು ಬಹುಪಾಲು ಹಾಗೆಯೇ.

ಮಲೆನಾಡಿನ ಇನ್ನೊಂದು ಪರೀಕ್ಷೆ, ಅಂದರೆ ತೇವದ ಪರೀಕ್ಷೆ, ಯಾವ ಕಾರ್ಖಾನೆಯ ಪಟ್ಟಿಯಲ್ಲೂ ಇರುವುದಿಲ್ಲ. ಕ್ಯಾನನ್ 100–500 ಮಿ.ಮೀ. ಮಸೂರವು ಜೂಮ್ ಮಾಡಿದಾಗ ಮುಂದಕ್ಕೆ ಚಾಚಿಕೊಳ್ಳುತ್ತದೆ. ಹೀಗೆ ಚಾಚಿ ಮಡಚುವಾಗ ಒಳಗಿನ ಗಾಳಿಯೂ ಹೊರಗಿನ ಗಾಳಿಯೂ ಅದಲುಬದಲಾಗುತ್ತವೆ. ಸೋನಿಯದು ಉದ್ದ ಬದಲಾಗದ ಕೊಳವೆ. ಯಾವುದೇ ಆಗಲಿ, ತೇವ ಸೇರಿದ ಗಾಜಿನ ಮೇಲೆ ಬೂಷ್ಟು ಜೇಡರ ಬಲೆಯಂಥ ಎಳೆಗಳಾಗಿ ಹಬ್ಬಿದರೆ ಚಿತ್ರ ಮಸುಕಾಗುತ್ತದೆ, ಎಳೆಗಳನ್ನು ಒರೆಸಿದರೂ ಲೇಪನದ ಮೇಲಿನ ಗುರುತು ಉಳಿಯಬಹುದು. ಹಾಗಾಗಿ ಈ ಸೀಮೆಯಲ್ಲಿ ಮಸೂರವನ್ನು, ಅದರಲ್ಲೂ ಬಳಸಿದ ಮಸೂರವನ್ನು ಕೊಳ್ಳುವವರು ಚಿತ್ರ ತೆಗೆದು ನೋಡುವ ಮೊದಲೇ ಅದರ ಒಂದು ತುದಿಯಿಂದ ಟಾರ್ಚಿನ ಬೆಳಕು ಹಾಯಿಸಿ, ಇನ್ನೊಂದು ತುದಿಯಿಂದ ಓರೆಯಾಗಿ ಒಳಗೆ ನೋಡುವುದು ಒಳ್ಳೆಯದು.