ಸತ್ಯ ಪರಿಶೀಲನೆ: ಸ್ವಂತ ಜಾಗದಲ್ಲಿ ಮನೆ ಮುಂದೆ ಕಟ್ಟೆ ಕಟ್ಟಲು ಅನುಮತಿ ಬೇಡವೇ?

ಸಾರಾಂಶ

“ಜಾಗ ನಮ್ಮದು, ಗೋಡೆ ಇಲ್ಲ, ಬರೀ ಒಂದು ಕಟ್ಟೆ, ಮೇಲೆ ತಗಡು. ಇದಕ್ಕೆ ಯಾರ ಅನುಮತಿಯೂ ಬೇಡ.” ಮನೆ ಕಟ್ಟುವವರು ಮೇಲಿಂದ ಮೇಲೆ ಕೇಳುವ ಮಾತಿದು. ನಾವು ಇದನ್ನು ಬೀದರ್ ಬಳಿಯ ಅಷ್ಟೂರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಪರಿಶೀಲಿಸಿದೆವು. ಸಂರಕ್ಷಿತ ಸ್ಮಾರಕದ ಸುತ್ತಮುತ್ತ ಇರುವ ಮನೆಗಳ ಮಟ್ಟಿಗೆ ಈ ಮಾತು ತಪ್ಪು. ನಂಬಿ ಕೆಲಸ ಶುರು ಮಾಡಿದರೆ ದಂಡ, ಜೈಲು ಎರಡೂ ಆಗಬಹುದು.

ಅಷ್ಟೂರದಲ್ಲಿ ಏನು ವಿಶೇಷ?

ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. 1436ರಲ್ಲಿ ತೀರಿಕೊಂಡ ಅವನ ಗುಮ್ಮಟ ಅಷ್ಟೂರದಲ್ಲಿದೆ. ಅದರ ಒಳಗೋಡೆಯ ಬಣ್ಣದ ಚಿತ್ತಾರ ನೋಡಲು ದೂರದೂರದಿಂದ ಜನ ಬರುತ್ತಾರೆ. ಉರುಸಿಗೆ ಹಿಂದೂಗಳು, ಮುಸ್ಲಿಮರು ಇಬ್ಬರೂ ಸೇರುತ್ತಾರೆ. ಪಕ್ಕದಲ್ಲೇ ಅವನ ನಂತರದ ಸುಲ್ತಾನರ ಗುಮ್ಮಟಗಳ ಸಾಲಿದೆ. ಇವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. ಹೀಗಾಗಿ ಸುತ್ತಲಿನ ಜಾಗಕ್ಕೆ ಪಂಚಾಯಿತಿ ನಿಯಮದ ಜೊತೆಗೆ ಕೇಂದ್ರದ ಕಾನೂನೂ ಅನ್ವಯಿಸುತ್ತದೆ.

ಕಾನೂನು ಏನು ಹೇಳುತ್ತದೆ?

ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದ್ದು. 2010ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಅದರ ಪ್ರಕಾರ ಸ್ಮಾರಕದ ಸುತ್ತ ಎರಡು ವಲಯಗಳಿವೆ.

ಮೊದಲ 100 ಮೀಟರ್ ನಿಷೇಧಿತ ಪ್ರದೇಶ. ಇಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. 16 ಜೂನ್ 1992ಕ್ಕೂ ಮೊದಲೇ ಇದ್ದ ಮನೆ, ಅಥವಾ ಆಮೇಲೆ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆ ಪಡೆದು ಕಟ್ಟಿದ ಮನೆಯಾದರೆ ದುರಸ್ತಿ, ನವೀಕರಣಕ್ಕೆ ಅರ್ಜಿ ಹಾಕಬಹುದು.

ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಇಲ್ಲಿ ಕಟ್ಟಬಹುದು, ದುರಸ್ತಿಯನ್ನೂ ಮಾಡಬಹುದು. ಆದರೆ ಎರಡಕ್ಕೂ ಮೊದಲೇ ಅನುಮತಿ ಪಡೆಯಬೇಕು.

ಒಂದು ವಿಷಯ ಗಮನಿಸಿ. ಅಳತೆ ಶುರುವಾಗುವುದು ಗುಮ್ಮಟದ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಎಲ್ಲ ದಿಕ್ಕಿಗೂ ಇದೇ ಲೆಕ್ಕ. “ಗುಮ್ಮಟ ನಮ್ಮ ಮನೆಯಿಂದ ದೂರ ಇದೆ” ಎಂದು ಕಣ್ಣಳತೆಯಲ್ಲಿ ನಿರ್ಧರಿಸಿದರೆ ತಪ್ಪಾಗಬಹುದು.

ಕಟ್ಟೆಯೂ ‘ನಿರ್ಮಾಣ’ವೇ?

ಹೌದು. ಹೊಸದಾಗಿ ಕಟ್ಟುವುದಷ್ಟೇ ಅಲ್ಲ, ಇದ್ದ ಕಟ್ಟಡವನ್ನು ಮೇಲಕ್ಕೆ ಅಥವಾ ಅಡ್ಡಕ್ಕೆ ವಿಸ್ತರಿಸುವುದನ್ನೂ ಕಾಯ್ದೆ ನಿರ್ಮಾಣ ಎಂದೇ ಕರೆಯುತ್ತದೆ. ಮನೆಗೆ ಹೊಂದಿಸಿ ಕಟ್ಟಿದ ಕಟ್ಟೆ ಅಥವಾ ಕಂಬ ಹೂಳಿ ಮಾಡಿದ ತಗಡಿನ ನೆರಳು ಅಡ್ಡ ವಿಸ್ತರಣೆ. ಮಾಳಿಗೆಯ ಮೇಲಿನ ಕೋಣೆ ಮೇಲ್ಮುಖ ವಿಸ್ತರಣೆ. ಗೋಡೆ ಇಲ್ಲದ್ದಕ್ಕೆ, ಮರದಲ್ಲಿ ಮಾಡಿದ್ದಕ್ಕೆ ಅಥವಾ ಚಿಕ್ಕದಾಗಿರುವುದಕ್ಕೆ ಅಂತ ಬೇರೆ ವಿನಾಯಿತಿ ಇಲ್ಲ. ಸಾರ್ವಜನಿಕ ಚರಂಡಿ, ಶೌಚಾಲಯ, ಕುಡಿಯುವ ನೀರು, ವಿದ್ಯುತ್‌ನಂಥ ಕೆಲಸಗಳನ್ನು ಈ ವ್ಯಾಖ್ಯೆಯಿಂದ ಹೊರಗಿಡಲಾಗಿದೆ.

ಪಂಚಾಯಿತಿ ಪರವಾನಗಿ ಸಾಲದೇ?

ಸಾಲದು. ಕಟ್ಟಡಕ್ಕೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕೇ ಬೇಕು. ಊರು ನಗರ ವ್ಯಾಪ್ತಿಗೆ ಸೇರಿದ್ದರೆ ಅಲ್ಲಿನ ಸ್ಥಳೀಯ ಸಂಸ್ಥೆಯ ಅನುಮತಿ ಬೇಕು. ಇ-ಸ್ವತ್ತಿನ ನಮೂನೆ 9 ಮತ್ತು 11 ಆಸ್ತಿಯ ದಾಖಲೆ ಮಾತ್ರ, ಕಟ್ಟುವ ಪರವಾನಗಿಯಲ್ಲ. ಇವೆಲ್ಲ ಕೈಯಲ್ಲಿದ್ದರೂ ಸ್ಮಾರಕದ 300 ಮೀಟರ್ ಒಳಗೆ ಕೇಂದ್ರದ ಕಾಯ್ದೆಯಡಿಯ ಅನುಮತಿ ಪ್ರತ್ಯೇಕವಾಗಿ ಬೇಕು.

ಅನುಮತಿ ಪಡೆಯುವುದು ಹೇಗೆ?

ಅರ್ಜಿಯನ್ನು ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಆನ್‌ಲೈನ್ ವ್ಯವಸ್ಥೆಯೂ ಇದೆ. ಜಾಗದ ದಾಖಲೆ, ನಕ್ಷೆ, ಕಟ್ಟುವುದರ ಎತ್ತರ, ಸ್ಮಾರಕದಿಂದ ಇರುವ ದೂರ, ಇವಿಷ್ಟನ್ನು ಮೊದಲೇ ಸಿದ್ಧಪಡಿಸಿಕೊಳ್ಳಿ. ಅರ್ಜಿಯನ್ನು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ ಎರಡು ತಿಂಗಳೊಳಗೆ ಅಭಿಪ್ರಾಯ ಬರಬೇಕು. ಅದು ಬಂದ ಒಂದು ತಿಂಗಳೊಳಗೆ ತೀರ್ಮಾನವಾಗಬೇಕು. ಅಂದರೆ ಕಾನೂನಿನ ಲೆಕ್ಕದಲ್ಲೇ ಸುಮಾರು ಮೂರೂವರೆ ತಿಂಗಳು. ನಿರಾಕರಿಸುವುದಾದರೆ ಅರ್ಜಿದಾರರ ಮಾತು ಕೇಳಿ, ಲಿಖಿತವಾಗಿ ತಿಳಿಸಬೇಕು. ಹಾಗಾಗಿ ಮೇಸ್ತ್ರಿಗೆ ಮುಂಗಡ ಕೊಡುವ, ಮರಳು-ಸಿಮೆಂಟು ಇಳಿಸುವ ಮೊದಲೇ ಅರ್ಜಿ ಹಾಕುವುದು ಒಳ್ಳೆಯದು.

ಅನುಮತಿ ಇಲ್ಲದೆ ಕಟ್ಟಿದರೆ?

ನಿಷೇಧಿತ ಪ್ರದೇಶವಿರಲಿ, ನಿಯಂತ್ರಿತ ಪ್ರದೇಶವಿರಲಿ, ಶಿಕ್ಷೆ ಒಂದೇ: ಎರಡು ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಟ್ಟಿದ್ದನ್ನು ತೆರವುಗೊಳಿಸುವ ಆದೇಶವೂ ಬರಬಹುದು. ಆಗ ಕಟ್ಟಲು ಹಾಕಿದ ಹಣವೂ ಮಣ್ಣುಪಾಲು.

ಇಷ್ಟು ಬಿಗಿ ಏಕೆ?

ತಲೆತಲಾಂತರದಿಂದ ಅಲ್ಲೇ ಇರುವವರಿಗೆ ಈ ನಿಯಮ ಭಾರ ಎನಿಸುವುದು ಸಹಜ. ಮನೆ ದೊಡ್ಡದಾಗುತ್ತದೆ, ಜಾಗ ಬೆಳೆಯುವುದಿಲ್ಲ. ಆದರೆ ಹತ್ತಿರದಲ್ಲಿ ಪಾಯ ತೋಡಿದರೆ ನೆಲದಡಿಯ ಅವಶೇಷ ಹಾಳಾಗಬಹುದು, ನೀರು ಹರಿಯುವ ದಾರಿ ಬದಲಾಗಬಹುದು. ಅಷ್ಟೂರದಲ್ಲಿ ಸಿಡಿಲಿಗೆ ಸಿಕ್ಕಿದ ಹುಮಾಯೂನ್ ಶಾನ ಗುಮ್ಮಟ ಇಂದಿಗೂ ಅರ್ಧ ಒಡೆದೇ ನಿಂತಿದೆ. ಹಳೆಯ ಕಟ್ಟಡ ಒಮ್ಮೆ ಹಾಳಾದರೆ ಮೊದಲಿನಂತೆ ಆಗುವುದಿಲ್ಲ.

ತೀರ್ಪು: ತಪ್ಪು

ಅನುಮತಿ ಬೇಕೋ ಬೇಡವೋ ಎಂಬುದನ್ನು ಕಟ್ಟೆಯ ಗಾತ್ರ ಅಥವಾ ಜಾಗದ ಒಡೆತನ ನಿರ್ಧರಿಸುವುದಿಲ್ಲ. ಸಂರಕ್ಷಿತ ಗಡಿಯಿಂದ ನಿಮ್ಮ ಜಾಗ ಎಷ್ಟು ದೂರ ಎಂಬುದೇ ಮುಖ್ಯ. ಬೀದರ್ ಕೋಟೆ, ಹಂಪಿ, ಬಾದಾಮಿ, ವಿಜಯಪುರದ ಸಂರಕ್ಷಿತ ಸ್ಮಾರಕಗಳ ಸುತ್ತಲೂ ಇದೇ ಕಾಯ್ದೆ. “ಏನೂ ಬೇಕಿಲ್ಲ, ಕಟ್ಟಿ” ಎಂಬ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ಮೊದಲು ದೂರ ಅಳತೆ ಮಾಡಿಸಿ, ಲಿಖಿತ ಅನುಮತಿ ಪಡೆಯಿರಿ, ಆಮೇಲೆ ಗುದ್ದಲಿ ಹಿಡಿಯಿರಿ.